ನಿಮ್ಮ ಪ್ರಶ್ನೆ, ಅಕ್ಕನ ಉತ್ತರ: ಈ ಒಣ ಬಿಸಲಾಗೂ ಸುಖ ಅದ ರೀ

ಈ ಸಲ ಬಂದ ಪತ್ರದಾಗ ಅರ್ಧಕ್ಕರ್ಧ ಬಿಸಲಿಂದೇ ಸುದ್ದಿ. ನಾಕು ಪತ್ರ ಆರಿಸ್ಕೊಂಡೀನಿ.

ಪ್ರಶ್ನೆ: ಅಕ್ಕಾ, ನಮ್ಮೂರು ತೀರ್ಥಹಳ್ಳಿ ಹತ್ರ. ಮದುವೆಯಾಗಿ ರಾಯಚೂರಿಗೆ ಬಂದು ಎಂಟು ತಿಂಗಳಾಯ್ತು, ಇದು ನನ್ನ ಮೊದಲನೇ ಬೇಸಿಗೆ. ಬೆಳಗ್ಗೆ ಒಂಬತ್ತಕ್ಕೇ ಕಿಟಕಿ ಸರಳು ಮುಟ್ಟೋಕಾಗಲ್ಲ, ತುಟಿ ಒಡೆದಿದೆ, ನಲ್ಲೀಲಿ ಕಾದ ನೀರು ಬರುತ್ತೆ. ಮೊದಲು ದಿನಾ ಕಸೂತಿ ಹಾಕ್ತಿದ್ದೆ, ಈಗ ಸೂಜಿ ಹಿಡಿಯೋ ಮನಸ್ಸೇ ಬರಲ್ಲ. ಊರಿಗೆ ಹೋಗ್ಬಿಡೋಣ ಅನ್ಸುತ್ತೆ, ಅತ್ತೆ ಏನಂದ್ಕೋತಾರೋ ಅಂತ ಸುಮ್ನಿದ್ದೀನಿ. ಇಲ್ಲಿಯವರು ಹೇಗೆ ಇರ್ತೀರಿ? (ಹೆಸರು ಬೇಡ ಅಂದಾರ, ರಾಯಚೂರು)

ಉತ್ತರ: ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ಊರಿಗೆ ಹೋಗ್ಬೇಕು ಅನ್ಸಿದ್ರ ಹತ್ತು ದಿನ ಹೋಗಿ ಬಾ, ಅದರಾಗ ತಪ್ಪೇನಿಲ್ಲ, ನಿಮ್ಮ ಅತ್ತಿಯವರೂ ಒಂದು ಕಾಲಕ್ಕ ತವರುಮನಿ ನೆನಸಿ ಅತ್ತವರೇ ಇರ್ತಾರ. ಆದ್ರ ಹೋಗೂಕಿಂತ ಮೊದಲ ನಾವು ಇಲ್ಲಿ ದಿನಾನ ಹೆಂಗ ಹಂಚ್ಕೋತೀವಿ ಕೇಳು. ಏಳಕ್ಕ ಎದ್ದು ಹತ್ತಕ್ಕ ಕೆಲಸ ಸುರು ಮಾಡ್ತೀನಿ ಅಂದ್ರ ಇಲ್ಲಿ ಆಗಂಗಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಕಡಿ ಸರ್ಕಾರಿ ಆಫೀಸೇ ಮುಂಜಾನಿ 8ಕ್ಕ ತೆರದು ಮಧ್ಯಾಹ್ನ 1:30ಕ್ಕ ಮುಚ್ಚತಾವ, ಅಂದಮ್ಯಾಲ ಮನಿ ಕೆಲಸಕ್ಕ್ಯಾಕ ಹಳೇ ಟೈಮು? ಐದಕ್ಕ ಏಳು. ಐದರಿಂದ ಏಳೂವರಿ ತನಕ ಬರೋ ಗಾಳಿ ಇದ್ಯಲ್ಲ, ಅದು ಪೂರಾ ನಿಂದು, ಆವಾಗ ಒಲಿ ಹಚ್ಚಬ್ಯಾಡ, ಕಸೂತಿ ತಗೊಂಡು ಬಾಗಲಾಗ ಕೂಡು.

ಇನ್ನೊಂದು, ಅತ್ತಿಯವರನ್ನ ಕೇಳು, ಈ ವರ್ಷ ಶ್ಯಾವಿಗಿ ಯಾವಾಗ ಮಾಡೋದು ಅಂತ. ಆ ಒಂದು ಮಾತಿಗೇ ಅವರ ಮುಖ ಅರಳ್ತದ ನೋಡು. ನಮ್ಮ ಅವ್ವನ ಕಾಲದಾಗ ಓಣಿ ಹೆಣ್ಮಕ್ಕಳು ಬೆಳಕು ಹರಿಯೂದ್ರೊಳಗ ಒಬ್ಬರ ಮನಿ ಮಾಳಗಿ ಮ್ಯಾಲ ಕೂಡ್ತಿದ್ರು, ಇವತ್ತು ಇವರದು, ನಾಳಿ ಅವರದು. ಒಬ್ಬಾಕಿ ನಾದಿದ ಹಿಟ್ಟನ್ನ ಶ್ಯಾವಿಗಿ ಮಣಿ ಮ್ಯಾಲ ಇಟ್ಟು ಅಂಗೈಲೆ ತಿಕ್ಕಿದಂಗೆಲ್ಲ ಎಳಿ ಕೆಳಗ ಇಳೀತಿದ್ವು, ಕೆಳಗ ಕುಂತಾಕಿ ಎರಡೂ ಕೈಲೆ ಹರೀದಂಗ ಹಿಡದು ಕೋಲಿಗೆ ಹಾಕ್ತಿದ್ಲು, ಮತ್ತ ಕೈ ನಡದಂಗ ಹಾಡೂ ನಡೀತಿತ್ತು. ಹೊತ್ತು ಏರೂದ್ರೊಳಗ ಎಳಿ ಒಣಗಿ ಮುಟ್ಟಿದ್ರ ಟಕ್ ಅಂತ ಮುರೀತಿದ್ವು. ನಿನ್ನ ತುಟಿ ಒಡಿಯೋ ಇದೇ ಒಣಗಾಳಿನೇ ಅದನ್ನ ಮಾಡೋದು, ಗಾಳಿಯಾಗ ತ್ಯಾವ ಇದ್ರ ಶ್ಯಾವಿಗಿ ಬೂಸ್ಟು ಹಿಡೀತದ. ಸಂಡಿಗಿ, ಹಪ್ಪಳ, ಉಪ್ಪಿನಕಾಯಿ ಹೋಳು ಎಲ್ಲಾ ಹಂಗೇ.

ಮಧ್ಯಾಹ್ನ ಬಿಸಿ ಅನ್ನ ಸಾರು ಬಿಡು. ಜ್ವಾಳದ ನುಚ್ಚು ಮುಂಜಾನಿನೇ ಕುದಿಸಿ ಆರಲಿಕ್ಕೆ ಇಡು, ಊಟದ ಹೊತ್ತಿಗೆ ಗಟ್ಟಿ ಮಜ್ಜಿಗಿ, ಉಪ್ಪು, ಮ್ಯಾಲ ಹಸಿ ಉಳ್ಳಾಗಡ್ಡಿ ಕಡಕೊಂಡು ಉಣ್ಣು, ಹೊಟ್ಟಿ ತಣ್ಣಗಿರ್ತದ. ಉಂಡು ಕಿಟಕಿ ಮುಚ್ಚಿ ಮಲಕ್ಕೋ, ಇಲ್ಲಿ ಮಧ್ಯಾಹ್ನದ ನಿದ್ದಿ ಅಂದ್ರ ಆಲಸ್ಯ ಅಲ್ಲ.

ಸಂಜಿಗೆ ಬಟ್ಟಿ ಜಾಲಿಸಿದ ನೀರು ಚೆಲ್ಲಬ್ಯಾಡ, ಎರಡು ಬಕೀಟು ಮಾಳಗಿ ಮ್ಯಾಲ ಹೊಡಿ. ಮೊದಲ ಹಬೆ ಏಳ್ತದ, ಆಮ್ಯಾಲ ತಣ್ಣಗಾಗ್ತದ, ರಾತ್ರಿ ಅಲ್ಲೇ ಚಾಪಿ ಹಾಕ್ರಿ. ಸಂಜಿಗೆ ಮೊಗ್ಗು ತಂದಿಟ್ಟ್ರ ರಾತ್ರಿ ಅರಳೋ ಮಲ್ಲಿಗಿ ಕಾಲಾನೂ ಇದೇ ಅಲ್ಲಾ, ಒಂದು ಮಾರು ತಲಿದಿಂಬಿನ ಹತ್ರ ಇಟ್ಕೋ. ಮೋಡ ಇಲ್ದ ದಿನ ರಾತ್ರಿ ಒಂಬತ್ತರ ಸುಮಾರಿಗೆ ಉತ್ತರಕ್ಕ ಮುಖ ಮಾಡಿ ಮ್ಯಾಲ ನೋಡಿದ್ರ ಸಪ್ತರ್ಷಿ, ನಾಕು ಚುಕ್ಕಿ ಚೌಕ, ಮೂರು ಚುಕ್ಕಿ ಬಾಲ. ಬಾಲದ ನಡುವಿಂದು ವಸಿಷ್ಠ, ಅದಕ್ಕ ಹತ್ತಿದಂಗ ಸಣ್ಣಗ ಅರುಂಧತಿ, ಮದವಿ ದಿನ ನಿನಗ ತೋರಿಸಿದ್ದು ಇದೇ. ಆ ಬಾಲ ಬಾಗಿದ ಕಡಿ ಹಂಗೇ ಕಣ್ಣು ಮುಂದ ಒಯ್ದ್ರ ಕಿತ್ತಳಿ ಬಣ್ಣದ ಸ್ವಾತಿ, ಇನ್ನೂ ಮುಂದ ಹೋದ್ರ ಬೆಳ್ಳಗ ಚಿತ್ತಾ. ಆ ಏಳು ಚುಕ್ಕಿನ ಒಂದು ಹಾಳ್ಯಾಗ ಗುರ್ತು ಮಾಡ್ಕೊಂಡು ಮರುದಿನ ಮುಂಜಾನಿ ಗವಂತಿ ಹೊಲಿಗಿಯಾಗ ಸೀರಿ ಸೆರಗಿಗೆ ಹಾಕು. ಆಗಿಂದ ಒಂದು ಫೋಟೋ ನನಗ ಕಳಸ್ಬೇಕು ನೋಡು.

ಪ್ರಶ್ನೆ: ಮೇಡಂ, ಬಳ್ಳಾರಿಯಾಗ ನಮ್ದು ಸಣ್ಣ ಮನೆ, ಏಸಿ ಹಾಕ್ಸೋ ಶಕ್ತಿ ಇಲ್ಲ. ಕೂಲರ್ ತಂದೀವಿ, ಅರ್ಧ ಗಂಟೆ ತಂಪು, ಆಮೇಲೆ ಮೈಯೆಲ್ಲಾ ಅಂಟಂಟು. ಮಣ್ಣಿನ ಗಡಿಗೆ ನೀರೂ ಹೋದ್ವರ್ಷದಷ್ಟು ತಣ್ಣಗಾಗ್ವಲ್ದು, ಹೊಸ ಗಡಿಗೆ ತರಬೇಕಾ?

ಉತ್ತರ: ಅಣ್ಣಾರ, ತಂಪು ಹೊರಗ ಹೋಗ್ತದಂತ ನೀವು ಕಿಟಕಿ ಮುಚ್ಚಿರಬೇಕು. ಕೂಲರಿಗೆ ಅದು ನಡಿಯಂಗಿಲ್ಲ ರೀ. ಒಳಗಿನ ಪ್ಯಾಡಿನ ನೀರು ಆರ್ತಾ ಗಾಳಿಯೊಳಗಿನ ಕಾವು ತಗೋತದ, ಅದರ ತಂಪು ಅಷ್ಟೇ. ಖೋಲಿ ಮುಚ್ಚಿದ್ರ ಅದೇ ತ್ಯಾವದ ಗಾಳಿ ಒಳಗೇ ತಿರುಗಿ ತಿರುಗಿ ಮುಂದ ನೀರು ಆರಲಿಕ್ಕೆ ಜಾಗನೇ ಇರಂಗಿಲ್ಲ, ಆವಾಗ ಅಂಟು ಸುರು. ಕೂಲರಿನ ಬೆನ್ನು ಹೊರಗಿನ ಗಾಳಿ ಕಡಿ ಇರಲಿ, ಎದುರಿನ ಕಿಟಕಿ ಒಂದು ಗೇಣು ತೆರದಿರಲಿ. ಕಡಲ ದಂಡಿ ಊರಾಗ ಕೂಲರ್ ಇಷ್ಟು ಕೆಲಸ ಮಾಡಂಗಿಲ್ಲ, ನಮ್ಮ ಒಣ ಹವಾಕ್ಕ ಹೇಳಿ ಮಾಡಿಸಿದಂಗ ಅದ.

ಗಡಿಗಿದೂ ಅದೇ ಲೆಕ್ಕ. ಮಣ್ಣಿನ ಸಣ್ಣ ಸಣ್ಣ ತೂತಿನೊಳಗಿಂದ ನೀರು ಹೊರಗ ಬಂದು ಆರ್ತಿದ್ರೇ ಒಳಗ ತಂಪು. ಬೋರಿನ ನೀರಾಗಿನ ಉಪ್ಪು ಕೂತು ಕೂತು ಆ ತೂತು ಮುಚ್ಚಿರ್ತಾವ, ಗಡಿಗಿ ಹೊರಗ ಬೆಳ್ಳಗ ಪುಡಿ ಕಟ್ಟಿದ್ರ ಗ್ಯಾರಂಟಿ ಅದೇ. ಸೋಪು ಮುಟ್ಟಿಸಬ್ಯಾಡ್ರಿ, ತೆಂಗಿನ ನಾರಿಲೆ ಒಳಗ ಹೊರಗ ತಿಕ್ಕಿ ಒಂದಿನ ಒಣಗಿಸಿ ನೋಡ್ರಿ. ಆಮ್ಯಾಲೂ ಹೊರಮೈ ತ್ಯಾವ ಆಗ್ಲಿಲ್ಲಂದ್ರ ಹೊಸದು ತರ್ರಿ, ಬಣ್ಣ ಬಳದಿದ್ದು ಮಾತ್ರ ಬ್ಯಾಡ. ಅಡಗಿಮನಿ ಮೂಲಿಯಾಗ ಇಡೋದಲ್ಲ, ನೆರಳಿರಬೇಕು, ಗಾಳಿ ಆಡಬೇಕು. ನಮ್ಮ ಅಮ್ಮನ ನೀರಿನ ರಂಜಣಗಿ ಪಡಸಾಲಿ ಬಾಗಲ ಹತ್ರ ಒದ್ದಿ ಉಸುಕಿನ ಮ್ಯಾಲ ಇರ್ತಿತ್ತು, ಸುತ್ತ ಹಸಿ ಗೋಣಿಚೀಲ, ಒಳಗ ಒಂದು ಹಿಡಿ ಲಾವಂಚದ ಬೇರು. ತಳಕ್ಕ ಜಿನುಗಿದ ನೀರಿಗೆ ಉಸುಕಿನಾಗ ಕೊತ್ತಂಬರಿ ಚೆಲ್ಲಿದ್ಲು, ಹೊರಗ ಎಲ್ಲಾ ಸುಟ್ಟು ಹೋಗಿದ್ರೂ ಅಲ್ಲಿ ಮಾತ್ರ ಅಂಗೈಯಷ್ಟು ಹಸರು. ಶಾಲಿಯಿಂದ ಬಂದು ನಾನು ಮೊದಲ ಅದರ ಮುಂದ ಕುಕ್ಕರಗಾಲಲೆ ಕೂಡ್ತಿದ್ದೆ, ನೀರು ಕುಡಿಯೋದು ಆಮ್ಯಾಲ.

ಪ್ರಶ್ನೆ: ಅಕ್ಕಾರ, ನಾವು ಸಿಂಧನೂರಾಗ ಲಾರಿಗೆ ಚೀಲ ಹೇರೋರು. ಮಲಗ್ರಿ, ಮಾಳಗಿ ಮ್ಯಾಲ ಚುಕ್ಕಿ ನೋಡ್ರಿ ಅಂತ ಎಲ್ಲಾರೂ ಬರೀತಾರ, ನಮಗ ಮಧ್ಯಾಹ್ನನೂ ಕೆಲಸ ಬಿಡಂಗಿಲ್ಲ. ನಮಗೇನರ ಹೇಳ್ರಿ.

ಉತ್ತರ: ತಮ್ಮಾ, ನಿನ್ನ ಮಾತು ಖರೆ. ಬಿಸಲಿಗೆ ನಿಂತವರಿಗೆ ಸುಖದಕಿಂತ ಮೊದಲ ಜೀವ ಉಳಿಯೋ ಮಾತು ಹೇಳ್ಬೇಕು. ಎಲ್ಲಾರೂ ಕೂಡೇ ಮಾಲೀಕರನ್ನ ಕೇಳ್ರಿ, ಮುಂಜಾನಿ ಐದಕ್ಕ ಸುರು ಮಾಡಿ ಹನ್ನೊಂದೂವರಿಗೆ ನಿಲ್ಲಿಸಿ ಮತ್ತ ನಾಕರ ಮ್ಯಾಲ ಹೇರ್ತೀವಿ ಅಂತ, ಒಬ್ಬ ಕೇಳಿದ್ರ ನಡಿಯಂಗಿಲ್ಲ, ಹತ್ತು ಮಂದಿ ಕೇಳಿದ್ರ ಕಿವಿ ಮ್ಯಾಲ ಹಾಕ್ಕೋತಾರ. ನೀರಡಿಕಿ ಆಗೋ ತನಕ ಕಾಯಬ್ಯಾಡ, ಅರ್ಧ ತಾಸಿಗೊಮ್ಮಿ ಕುಡಿ. ಓಆರ್‌ಎಸ್ ಪಾಕೀಟು ಸಿಗಲಿಲ್ಲಂದ್ರ ಒಂದು ಲೀಟರ್ ಶುದ್ಧ ನೀರಿಗೆ ಸಣ್ಣ ಚಮಚಾದಲೆ ಮಟ್ಟಸ 6 ಚಮಚಾ ಸಕ್ಕರಿ, ಅರ್ಧ ಚಮಚಾ ಉಪ್ಪು, ಅದಕಿಂತ ಹೆಚ್ಚಿಗಿ ಉಪ್ಪು ಬ್ಯಾಡ. ಜೋಡಿ ಕೆಲಸದಾಂವ ಯಾರರ ಅಡ್ಡಾದಿಡ್ಡಿ ಮಾತಾಡಾಕ ಹತ್ತಿದ್ರ, ಮೈ ಕೆಂಡದಂಗ ಸುಡ್ತಿದ್ರ, ಎಚ್ಚರ ತಪ್ಪಿದ್ರ ಅದು ಬರೀ ದಣಿವಲ್ಲ. ನೆರಳಿಗೆ ಎಳದು ಮೈತುಂಬ ನೀರು ಹಾಕಿ ಗಾಳಿ ಬೀಸ್ತಾನೇ 108ಕ್ಕ ಫೋನ್ ಮಾಡ್ರಿ, ಎಚ್ಚರ ಇಲ್ದವರ ಬಾಯಾಗ ನೀರು ಹಾಕಬ್ಯಾಡ್ರಿ.

ಓದೋರಿಗೂ ಒಂದು ಮಾತು. ನಿಮ್ಮ ಅಂಗಡಿ ಮುಂದ, ಮನಿ ಕಟ್ಟಿ ಮ್ಯಾಲ ಎರಡು ಗಡಿಗಿ, ಒಂದು ಲೋಟ ಇಡ್ರಿ, ದಿನಾ ತುಂಬ್ಸ್ರಿ. ಅರವಟ್ಟಿಗಿ ಅಂದ್ರ ಬ್ಯಾನರ್ ಕಟ್ಟಿ ಫೋಟೋ ತಗಸ್ಕೋಬೇಕಂತಿಲ್ಲ, ಚೀಲ ಹೊರೋರು, ತಳ್ಳೋ ಗಾಡಿಯವರು ನಿಂತು ಕುಡಿದು ಹೋದ್ರ ಆತು.

ಪ್ರಶ್ನೆ: ಟೀಚರ್ ಅಕ್ಕಾ, ನಾನು ಕೊಪ್ಪಳದಾಗ ಏಳನೇ ಕ್ಲಾಸ್ ಪಾಸಾಗೀನಿ. ಸೂಟಿಯೊಳಗ ಅವ್ವ ಮೊಬೈಲ್ ಕೊಡವಲ್ಲಳು, ಹೊರಗೂ ಬಿಡವಲ್ಲಳು. ಏನ್ ಮಾಡ್ಲಿ, ಬ್ಯಾಸರ ಆಗೇತಿ.

ಉತ್ತರ: ಮರಿ, ಮೊದಲ ಅಪ್ಪಗ ಗಂಟು ಬಿದ್ದು ಒಂದಿನ ಮುಂಜಾನಿ ಆರಕ್ಕ ಗವಿಮಠದ ಗುಡ್ಡಕ್ಕ ಹೋಗು, ಅಶೋಕನ ಶಾಸನ ಅಲ್ಲೇ ಅದ, ಇನ್ನೊಂದು ಪಾಲ್ಕಿಗುಂಡಿನಾಗ. ಎಂಟರೊಳಗ ಮನಿಗೆ ಬಂದುಬಿಡ್ರಿ. ಮೇ ತಿಂಗಳದಾಗ ತೋಟಗಾರಿಕಿ ಇಲಾಖೆಯವರು ಮಾವಿನ ಮೇಳ ಮಾಡಿದ್ರ ಸಂಜಿ ಮುಂದ ಅವ್ವನ್ನ ಕರಕೊಂಡು ಹೋಗು, ಕೇಸರ್, ಬೇನಿಶಾನ್ ಎಲ್ಲಾ ವಾಸನಿ ನೋಡಿನೇ ಗುರ್ತು ಹಿಡಿಯೋದು ಕಲಿ.

ಮತ್ತ ಒಂದು ದೊಡ್ಡ ಕೆಲಸ ಕೊಡ್ತೀನಿ. ಮೇ 2ರ ಹತ್ರ ನಿಮ್ಮೂರಾಗ ಸೂರ್ಯ ಸರೀ ನೆತ್ತಿ ಮ್ಯಾಲ ಬರ್ತಾನ, ಬಳ್ಳಾರಿಯಾಗ ಒಂದು ದಿನ ಮೊದಲ, ರಾಯಚೂರಾಗ ಮೇ 5ರ ಹತ್ರ. ನಿಮ್ಮೂರಾಗ ಅವತ್ತು ಮಧ್ಯಾಹ್ನ 12:22ರ ಸುಮಾರಿಗೆ ಒಂದು ಗಳಿಗಿ ನೆಟ್ಟಗ ನಿಂತಿದ್ದಕ್ಕ ನೆರಳೇ ಇರಂಗಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತ, ಮಕರ ಸಂಕ್ರಾಂತಿ ವೃತ್ತ ಶಾಲ್ಯಾಗ ಓದೀಯಲ್ಲ, ಅವೆರಡರ ನಡುವಿನ ಊರಿಗೆ ಮಾತ್ರ ಇದು ವರ್ಷಕ್ಕ ಎರಡು ಸಲ ಸಿಗೋದು, ದಿಲ್ಲಿಯವರಿಗೆ ಸಿಗಂಗಿಲ್ಲ. ಅಂಗಳದಾಗ ಸಪಾಟು ಜಾಗದಾಗ ಮ್ಯಾಲ ಕೆಳಗ ಒಂದೇ ಅಗಲ ಇರೋ ಎತ್ತರದ ಒಂದು ಸ್ಟೀಲ್ ಲೋಟ ಬೋರಲ ಇಡು, ಏಪ್ರಿಲ್ 28ರಿಂದನೇ ದಿನಾ ಅದೇ ಹೊತ್ತಿಗೆ ನೆರಳಿನ ತುದಿಗೆ ಸುಣ್ಣದಕಡ್ಡಿಲೆ ಗೆರಿ ಹಾಕ್ತಾ ಹೋಗು. ಎರಡೇ ನಿಮಿಷ, ತಲಿಗೆ ಟವಲ್ ಕಟ್ಕೊಂಡು, ಸೂರ್ಯನ್ನ ಮಾತ್ರ ನೋಡಬ್ಯಾಡ. ಗೆರಿ ದಿನಾ ಲೋಟದ ಹತ್ರ ಸರೀತಾವ. ನೆರಳು ಪೂರಾ ಲೋಟದ ಕೆಳಗ ಹೋದ ದಿನ ಅವ್ವನ್ನೂ ಕರಿ. ಅವತ್ತು ಮೋಡ ಬಂದ್ರ ಆಗಸ್ಟ್ 11ರ ಹತ್ರ ಮಧ್ಯಾಹ್ನ 12:30ಕ್ಕ ಇನ್ನೊಂದು ಸಲ ಸಿಗ್ತದ, ಆದ್ರ ಅದು ಮಳಿಗಾಲ, ಅದಕ್ಕ ಮೇ ತಿಂಗಳದ್ದೇ ತಪ್ಪಿಸ್ಕೋಬ್ಯಾಡ.