ಪುಟ್ಟ ಟ್ಯಾಂಕ್ ಇಂಜಿನ್ ಪಾಯಿಂಟ್ ಮೇಲೆ ಯಾಕೆ ನಿಲ್ತದೆ?

ಪ್ರಶ್ನೆ: ದುಬೈಯಲ್ಲಿರುವ ಅಣ್ಣ ಈ ಸಲ ಬರುವಾಗ ಓಓ ಗೇಜ್ ಎಂಬ ಅಳತೆಯ ಒಂದು ಮಾಡೆಲ್ ಸ್ಟೀಮ್ ಇಂಜಿನ್ ತಂದ. ಆರೇ ಚಕ್ರ, ಹಿಂದೆ ಟೆಂಡರ್ (ಕಲ್ಲಿದ್ದಲು, ನೀರು ಹೊರುವ ಗಾಡಿ) ಇಲ್ಲ, ಬಾಯ್ಲರಿನ ಎರಡೂ ಬದಿಗೆ ಪೆಟ್ಟಿಗೆ ಹಾಗೆ ಎಂತದೋ ನೇತಾಡ್ತದೆ. ನೇರ ಹಳಿಯಲ್ಲಿ ಲಾಯ್ಕ್ ಓಡ್ತದೆ, ಹಳಿ ಕವಲೊಡೆಯುವ ಪಾಯಿಂಟ್ ಹತ್ರ ಬಂದ್ರೆ ಮಾತ್ರ ನಿಂತೇ ಬಿಡ್ತದೆ, ಬೆರಳಲ್ಲಿ ದೂಡ್ಬೇಕು. ಬಾಕ್ಸ್ ಮೇಲೆ 'ಡಿಸಿಸಿ ರೆಡಿ' ಅಂತ ಉಂಟು, ಅದೆಂತ?
– ಓದುಗರೊಬ್ಬರು, ಮಲ್ಪೆ

ಉತ್ತರ: ಆ ಪೆಟ್ಟಿಗೆಗಳೇ ನೀರಿನ ಟ್ಯಾಂಕು. ಕಲ್ಲಿದ್ದಲು ಕ್ಯಾಬಿನ ಹಿಂದಿನ ಬಂಕರಿನಲ್ಲಿ ಇರ್ತದೆ, ಹಾಗಾಗಿ ಟೆಂಡರ್ ಬೇಡ. ನೀವು ಹೇಳಿದ ಹಾಗೆ ಬಾಯ್ಲರಿಗೆ ನೇತು ಹಾಕಿದ್ದಾದ್ರೆ ಅದು ಪ್ಯಾನಿಯರ್ ಟ್ಯಾಂಕ್, ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ 5700 ಕ್ಲಾಸ್ ಇದೇ ನಮೂನೆ, 1929ರಿಂದ 1950ರವರೆಗೆ 863 ಇಂಜಿನ್ ಮಾಡಿದ್ರು. ಬಾಯ್ಲರಿನ ಮೇಲೆ ಕೂತಿದ್ರೆ ಸ್ಯಾಡಲ್ ಟ್ಯಾಂಕ್, ಡಾರ್ಜಿಲಿಂಗಿನ ಬಿ ಕ್ಲಾಸ್ ಹಾಗೆ. ನಮ್ಮ ಊಟಿ ರೈಲಿನ ಎಕ್ಸ್ ಕ್ಲಾಸ್ ಕೂಡ ಟ್ಯಾಂಕ್ ಇಂಜಿನ್ನೇ.

ಇನ್ನು ನಿಲ್ಲುವ ವಿಷಯ. ಪಾಯಿಂಟಿನಲ್ಲಿ ಎರಡು ಹಳಿ ಸೇರುವ ವಿ ಆಕಾರದ ಜಾಗಕ್ಕೆ ಫ್ರಾಗ್ ಅಂತಾರೆ, ತುಂಬಾ ಪಾಯಿಂಟುಗಳಲ್ಲಿ ಅದು ಪ್ಲಾಸ್ಟಿಕ್, ಕರೆಂಟ್ ಬರುದಿಲ್ಲ. ಉದ್ದದ ಇಂಜಿನ್ ಆದ್ರೆ ಬೇರೆ ಚಕ್ರಗಳು ಕರೆಂಟ್ ಇರುವ ಹಳಿ ಮೇಲೆ ಇರ್ತವೆ, ಗಿಡ್ಡ ಟ್ಯಾಂಕ್ ಇಂಜಿನ್ನಿಗೆ ಆ ಅನುಕೂಲ ಕಮ್ಮಿ, ಅದ್ರಲ್ಲೂ ಒಂದು ಚಕ್ರದಿಂದ ಕರೆಂಟ್ ತಗೊಳ್ಳುವ ಪಟ್ಟಿ, ಅಂದ್ರೆ ಪಿಕಪ್, ಸರಿ ತಾಗದಿದ್ರೆ ಮುಗೀತು. ಇಂಜಿನ್ ಮಗುಚಿ ಹಾಕಿ ನೋಡಿ, ಪ್ರತಿ ಚಕ್ರದ ಹಿಂಬದಿಗೆ ಕೂದಲಿನಷ್ಟು ತೆಳು ಲೋಹದ ಪಟ್ಟಿ ತಾಗಿಕೊಂಡಿರ್ಬೇಕು. ತಾಗದಿದ್ರೆ ಚಿಮಟದಲ್ಲಿ ಮೆಲ್ಲ ಚಕ್ರದ ಕಡೆಗೆ ಬಗ್ಗಿಸಿ, ಜಾಸ್ತಿ ಒತ್ತಿದ್ರೆ ಚಕ್ರಕ್ಕೆ ಬ್ರೇಕ್ ಹಾಕಿದ ಹಾಗೆ ಆಗ್ತದೆ. ಟ್ಯಾಂಕ್ ಇಂಜಿನ್ ತಗೊಳ್ಳುವವರಿಗೆಲ್ಲ ನಾನು ಹೇಳುದು ಇಷ್ಟೇ, ಪೇಂಟ್ ನೋಡುವ ಮೊದಲು ಎಷ್ಟು ಚಕ್ರದಿಂದ ಕರೆಂಟ್ ತಗೊಳ್ತದೆ ಅಂತ ಕೇಳಿ, ಆರೂ ಇದ್ರೆ ಅರ್ಧ ಗೆದ್ದ ಹಾಗೆ.

ಮಲ್ಪೆಯ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಹಳಿ, ಚಕ್ರ ಎರಡೂ ಬೇಗ ಕಪ್ಪಾಗ್ತವೆ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಸ್ಯಾಂಡ್ ಪೇಪರ್ ಬೇಡವೇ ಬೇಡ, ಗೀರು ಬಿದ್ರೆ ಕೊಳೆ ಅಲ್ಲೇ ಕೂರ್ತದೆ. ನೆಲದ ಮೇಲೆ ಹಳಿ ಹಾಸಿ ಓಡಿಸುದೂ ಬೇಡ, ಕೂದಲು, ನೂಲು ಎಲ್ಲ ಆಕ್ಸಲಿಗೆ ಸುತ್ತಿಕೊಳ್ತದೆ.

ಡಿಸಿಸಿ ಅಂದ್ರೆ ಇಂಜಿನ್ನನ್ನು ಡಿಜಿಟಲ್ ಸಿಗ್ನಲಿನಲ್ಲಿ ಓಡಿಸುವ ಕ್ರಮ. ಡಿಸಿಸಿ ರೆಡಿ ಅಂದ್ರೆ ಒಳಗೆ ಆ ಸಿಗ್ನಲ್ ಓದುವ ಡಿಕೋಡರ್ ಹಾಕ್ಲಿಕ್ಕೆ ಸಾಕೆಟ್ ಉಂಟು ಅಂತ, ಡಿಕೋಡರ್ ನೀವೇ ತಗೊಳ್ಬೇಕು. ಒಂದೇ ಹಳಿಯಲ್ಲಿ ಬೇರೆ ಬೇರೆ ಇಂಜಿನ್ ಬೇರೆ ಬೇರೆ ವೇಗದಲ್ಲಿ ಓಡಿಸ್ಲಿಕ್ಕೆ ಅದು ಬೇಕು. ಈಗ ಇರುದು ಒಂದೇ ಇಂಜಿನ್ ಅಲ್ವಾ, ಮಾಮೂಲಿ 12 ವೋಲ್ಟ್ ಡಿಸಿ ಕಂಟ್ರೋಲರ್ ಧಾರಾಳ ಸಾಕು. ಆ ದುಡ್ಡಲ್ಲಿ ಲೋಹದ ಫ್ರಾಗ್ ಇರುವ ಪಾಯಿಂಟ್ ತಗೊಂಡು, ಫ್ರಾಗಿಗೂ ಕರೆಂಟ್ ಕೊಟ್ಟು ನೋಡಿ.