ಬರೋಸ್‌ನನ್ನು ಎಲ್ಲಿಂದ ಶುರು ಮಾಡೋದು?

ಅಮೆರಿಕದ ಲೇಖಕ ವಿಲಿಯಂ ಬರೋಸ್‌ನ 'ನೇಕೆಡ್ ಲಂಚ್' ಕಾದಂಬರಿ 30 ಪುಟ ಓದಿದರೂ ಕಥೆಯ ಎಳೆ ಸಿಗಲಿಲ್ಲ, ಮುಂದುವರಿಸಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು 1953ರ 'ಜಂಕಿ' ಓದಿ. ಮಾದಕ ವ್ಯಸನಿಯೊಬ್ಬನ ಬದುಕು, ನೇರ ಕಥನ. ಆ ದನಿ ಕಿವಿಗೆ ಬಿದ್ದ ಮೇಲೆ 'ನೇಕೆಡ್ ಲಂಚ್' ಅಷ್ಟು ಕಾಡಿಸಲ್ಲ. ಅದನ್ನು ಯಾವ ಪುಟದಿಂದ ಬೇಕಾದರೂ ಓದಬಹುದು, ಎಳೆ ಹುಡುಕಬೇಡಿ.

ಅದು ಕತ್ತರಿಸಿ ಜೋಡಿಸಿದ ಕಾದಂಬರಿ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಆ ತಂತ್ರ ಬಂದದ್ದು ಆಮೇಲೆ. 1959ರಲ್ಲಿ ಪ್ಯಾರಿಸ್‌ನ ಹೋಟೆಲ್ ಕೋಣೆಯಲ್ಲಿ ಗೆಳೆಯ ಬ್ರಯನ್ ಗೈಸಿನ್ ಚಿತ್ರಕ್ಕೆ ರಟ್ಟು ಕೊಯ್ಯುತ್ತಿದ್ದ. ಕೆಳಗೆ ಹಾಸಿದ್ದ ಪತ್ರಿಕೆಗಳೂ ಸೀಳಿದವು. ಚೂರುಗಳನ್ನು ಪಕ್ಕಪಕ್ಕ ಇಟ್ಟರೆ ಯಾರೂ ಬರೆಯದ ವಾಕ್ಯಗಳು! ಬರೋಸ್‌ನ ಮುಂದಿನ ಕಾದಂಬರಿ 'ದಿ ಸಾಫ್ಟ್ ಮಷೀನ್' ಬೆಳೆದದ್ದು ಆ ದಾರಿಯಲ್ಲೇ.

'ನೇಕೆಡ್ ಲಂಚ್' ಅಶ್ಲೀಲ ಅನ್ನೋ ಆರೋಪ 1966ರಲ್ಲಿ ಮ್ಯಾಸಚೂಸೆಟ್ಸ್‌ನ ಉನ್ನತ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಆದರೆ ಬರೋಸ್ 1951ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಕುಡಿದ ಅಮಲಿನಲ್ಲಿ ಹೆಂಡತಿ ಜೋನ್ ವಾಲ್ಮರ್‌ಗೆ ಗುಂಡು ಹೊಡೆದು ಕೊಂದದ್ದು ಸುಮ್ನೆ ಬಿಟ್ಟುಬಿಡುವ ವಿಷಯ ಅಲ್ಲ. ಅವಳು ಸಾಯದಿದ್ದರೆ ತಾನು ಲೇಖಕನಾಗುತ್ತಲೇ ಇರಲಿಲ್ಲ ಅಂತ ತನ್ನ 'ಕ್ವಿಯರ್' ಕಾದಂಬರಿಯ ಮುನ್ನುಡಿಯಲ್ಲಿ ಅವನೇ ಬರೆದಿದ್ದಾನೆ. ಅವನ ಗದ್ಯ ನನಗೆ ಬಹಳ ಇಷ್ಟ, ಆದರೂ ಆ ಮಾತು ಇವತ್ತಿಗೂ ಜೀರ್ಣವಾಗಿಲ್ಲ.