ಪ್ರತಿಕ್ರಿಯೆ: ಡಿಟೆಕ್ಟರ್ ಹಾಳಾಗಿಲ್ಲ, ಬೇಲಿ ನೋಡಿ

ಸಿದ್ದಾಪುರದ ತೋಟದಲ್ಲಿ ಕಾಫಿ ಕೊಯ್ಯುವಾಗ ಬಿದ್ದ ಉಂಗುರ ಹುಡುಕಲು ಹೋದರೆ ಮೆಟಲ್ ಡಿಟೆಕ್ಟರ್ ಸುಮ್ನೆ ಕಿರುಚುತ್ತದೆ, ಹಾಳಾಗಿದೆಯಾ ಅಂತ ಕೇಳಿದ್ದೀರಿ. ಹಾಳಾಗಿರಲಿಕ್ಕಿಲ್ಲ.

ಮೊದಲು ಕಾಯಿಲ್ (ಡಿಟೆಕ್ಟರಿನ ತುದಿಯಲ್ಲಿರುವ ತಟ್ಟೆ) ಅನ್ನು ಸೊಂಟದೆತ್ತರಕ್ಕೆ ಎತ್ತಿ ಅಲ್ಲಾಡಿಸದೆ ಹಿಡಿಯಿರಿ. ಆಗಲೂ ಸದ್ದು ಬಂದರೆ ಸುತ್ತಮುತ್ತಲಿನ ಕರೆಂಟಿನ ಕಾಟ. ನೆಲದ ಮೇಲೆ ಆಡಿಸಿದಾಗ ಮಾತ್ರ ಬಂದರೆ ನಮ್ಮ ಕೆಂಪು ಮಣ್ಣಿನ ಕಬ್ಬಿಣದ ಅಂಶ ಇರಬಹುದು, ಅದಕ್ಕೆ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿಗೆ ಸದ್ದು ಮಾಡದ ಹಾಗೆ ಡಿಟೆಕ್ಟರ್ ಹೊಂದಿಸುವ ಕೆಲಸ, ಮಾಡಬೇಕು.

ಆನೆ ತಡೆಯಲು ಸೋಲಾರ್ ಬೇಲಿ ಇದೆ ಅಂದಿರಿ, ಅಲ್ವಾ? ನನಗೆ ಅದರ ಮೇಲೇ ಅನುಮಾನ. ಅದು ಸುಮಾರು ಸೆಕೆಂಡಿಗೊಂದು ಸಲ ಹೈ ವೋಲ್ಟೇಜ್ ಪಲ್ಸ್ ಬಿಡುತ್ತದೆ. ನಮ್ಮಲ್ಲೂ ಹೆಡ್‌ಫೋನಿನಲ್ಲಿ ಟಕ್... ಟಕ್... ಅಂತ ಗಡಿಯಾರದ ಹಾಗೆ ಕೇಳಿಸುತ್ತಿತ್ತು. ತಂತಿಗೆ ಬಳ್ಳಿ ತಾಗಿ ಕಿಡಿ ಹಾರುತ್ತಿದ್ದರೆ ಕಾಟ ಇನ್ನೂ ಜಾಸ್ತಿ. ಹಗಲಲ್ಲಿ ಬೇಲಿ ಆಫ್ ಮಾಡಿ ಹುಡುಕಿ. ಸಂಜೆ ಆನ್ ಮಾಡಲು ಮರೆಯಬೇಡಿ, ಆನೆ ನಿಮ್ಮ ಉಂಗುರ ಸಿಗುವ ತನಕ ಕಾಯಲ್ಲ!

ಸದ್ದು ಒಂದೇ ಸಮನೆ ಬರುತ್ತಿದ್ದರೆ ಮೇಲೆ ಹೋಗುವ 50 ಹರ್ಟ್ಸ್ ಕರೆಂಟ್ ಲೈನೋ ಪಂಪ್‌ಸೆಟ್ಟೋ ಕಾರಣ ಇರಬಹುದು. ಸೆನ್ಸಿಟಿವಿಟಿ ಸದ್ದು ನಿಲ್ಲುವವರೆಗೆ ಇಳಿಸಿ. ಆಳ ಸ್ವಲ್ಪ ಕಮ್ಮಿಯಾಗುತ್ತದೆ, ಆದರೆ ಈ ವರ್ಷ ಬಿದ್ದ ಉಂಗುರ ತರಗೆಲೆಯ ಕೆಳಗೇ ಇರುತ್ತದೆ. ಫ್ರೀಕ್ವೆನ್ಸಿ ಬದಲಿಸುವ ಬಟನ್ ಇದ್ದರೆ ಒಂದೊಂದಾಗಿ ಒತ್ತಿ ನೋಡಿ. ಚಿಕ್ಕ ಕಾಯಿಲ್ ಸಿಕ್ಕರೆ ಹಾಕಿ, ಗಿಡಗಳ ಬುಡಕ್ಕೂ ನುಗ್ಗುತ್ತದೆ.

ಹಾಂ, ಮೊಬೈಲ್ ಮನೆಯಲ್ಲೇ ಬಿಡಿ. ನಾನು ಒಂದಿಡೀ ಬೆಳಿಗ್ಗೆ ಬೇಲಿಗೆ ಬೈದು, ಕೊನೆಗೆ ನೋಡಿದರೆ ಜೇಬಿನಲ್ಲಿದ್ದ ಫೋನೇ ಕಳ್ಳ.